ಎರಡು ಹಲ್ಲು ಕಮ್ಮಿ

ನನ್ನ ತಮ್ಮನಿಗೆ ಬೀದಿಯಲ್ಲೆಲ್ಲ ಹಲ್ಲು ಮೇಸ್ತ್ರಿ ಎಂದೇ ಹೆಸರು. ಅವನ ಬಾಯಿ ನೋಡಿದವರು ಇದು ಗೇಲಿಗೆ ಇಟ್ಟ ಹೆಸರು ಅಂದುಕೊಳ್ಳುತ್ತಾರೆ, ಯಾಕೆಂದರೆ ಮುಂದಿನ ಸಾಲಿನಲ್ಲಿ ಅವನಿಗೆ ಉಳಿದಿರುವುದು ಅಲ್ಲೊಂದು ಇಲ್ಲೊಂದು. ಆದರೆ ಹೆಸರು ಬಂದದ್ದು ಕಸುಬಿನಿಂದ. ಚೈನಿನಿಂದ ಓಡುವ ಯಂತ್ರ ಯಾವುದೇ ಇರಲಿ, ಅದಕ್ಕೆ ಹಲ್ಲಿನ ಚಕ್ರ ಬೇಕು. ಸ್ಪ್ರಾಕೆಟ್ ಅನ್ನುತ್ತಾರೆ. ಬೇಕರಿಯ ಒಲೆಯೊಳಗೆ ಬ್ರೆಡ್ಡಿನ ತಟ್ಟೆ ಸಾಗಿಸುವುದಕ್ಕೆ, ಹಿಟ್ಟಿನ ಗಿರಣಿಯಲ್ಲಿ ಕಾಳು ಮೇಲಕ್ಕೆ ಎತ್ತುವುದಕ್ಕೆ, ಇಟ್ಟಿಗೆ ಕಾರ್ಖಾನೆಯಲ್ಲಿ ಹಸಿ ಇಟ್ಟಿಗೆ ಎಳೆಯುವುದಕ್ಕೆ, ಗೋದಾಮಿನ ಕಬ್ಬಿಣದ ಬಾಗಿಲು ಏರಿಸುವುದಕ್ಕೆ, ಎಲ್ಲದಕ್ಕೂ ಅದೇ. ಹಲ್ಲು ಸವೆದಾಗ ನಮ್ಮ ಶೆಡ್ಡಿಗೆ ತರುತ್ತಾರೆ. ತಮ್ಮ ಹೊಸದು ಕಡೆದು ಕೊಡುತ್ತಾನೆ.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋದು ನಿಮ್ಮ ಪಾಡು. ನನ್ನ ಹತ್ರ ಡಬ್ಬಿ ತುಂಬ ಹಲ್ಲಿವೆ" ಎಂದು ಗಿರಾಕಿಗಳಿಗೆ ಹೇಳಿ ಅವನೇ ಮೊದಲು ನಗುತ್ತಿದ್ದ. ಗೇರಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ಅದಕ್ಕೂ ಉತ್ತರ ಸಿದ್ಧವಾಗಿತ್ತು. "ಗೇರುಗಳು ಮುಖಕ್ಕೆ ಮುಖ ಕೊಟ್ಟು ಕಚ್ಚಾಡ್ತವೆ. ಒಂದು ಬಲಕ್ಕೆ ಅಂದ್ರೆ ಇನ್ನೊಂದು ಎಡಕ್ಕೇ. ಗಂಡ ಹೆಂಡ್ತಿ ಥರ. ಇವು ಹಾಗಲ್ಲ. ದೂರ ದೂರ ಕೂತು, ಮಧ್ಯೆ ಒಂದು ಚೈನು ಹಾಕ್ಕೊಂಡು, ಎರಡೂ ಒಂದೇ ಕಡೆ ತಿರುಗ್ತವೆ. ನಾನೂ ನಮ್ಮಕ್ಕನೂ ಇದೀವಲ್ಲ, ಹಂಗೆ."

ಶೆಡ್ಡಿನ ಬಾಗಿಲ ಬಳಿ ಒಂದು ಮೇಜು ಹಾಕಿಕೊಂಡು ಕೂರುವುದು ನಾನು. ಕೆಲಸ ತೆಗೆದುಕೊಳ್ಳುವುದು, ಮುಗಿದದ್ದನ್ನು ಕೊಡುವುದು, ಗಿರಾಕಿಗಳು ಬೈಯುವುದನ್ನು ತಮ್ಮನಿಗೆ ಕೇಳಿಸದ ಹಾಗೆ ನನ್ನ ಕಿವಿಗೇ ಹಾಕಿಕೊಳ್ಳುವುದು. ಹೆಚ್ಚು ಬೈಯುವವನು ರಸ್ತೆ ತಿರುವಿನ ಬೇಕರಿಯವನು. ಅವನಿಗೆ ಬಾಯಿ ಜಾಸ್ತಿ, ಮನಸ್ಸು ಒಳ್ಳೆಯದು.

"ಏನಕ್ಕಾ, ಹೊಸಾ ಚೈನು ಹಾಕ್ಸಿದೀನಿ, ಆದ್ರೂ ಹಾರ್ತಾ ಇದೆ. ಬ್ರೆಡ್ಡು ಒಳಗೇ ಕೂತು ಇದ್ದಿಲಾಗ್ತಿದೆ. ನಿನ್ನ ತಮ್ಮ ಏನು ಮಾಡಿದ್ದಾನೆ ನೋಡು."

ಒಳಗಿನಿಂದ ತಮ್ಮ ಕೂಗಿದ: "ಚಕ್ರ ಹಳೇದೇ ಬಿಟ್ಟು ಚೈನು ಮಾತ್ರ ಹೊಸದು ಹಾಕಿದೀಯ ಅಲ್ವಾ?"

"ಚಕ್ರ ಚೆನ್ನಾಗೇ ಇತ್ತಲ್ಲಪ್ಪಾ."

"ಹಳೇ ಚೈನಿಗೆ ಚೆನ್ನಾಗಿತ್ತು. ಅವೆರಡೂ ಒಟ್ಟಿಗೆ ಸವೆದಿರ್ತವೆ. ಚೈನು ಉದ್ದ ಆಗ್ತಾ ಬರ್ತದೆ, ಹಲ್ಲು ಅದಕ್ಕೆ ತಕ್ಕ ಹಾಗೆ ಕೊಕ್ಕೆ ಆಗ್ತಾ ಬರ್ತದೆ. ಒಂದನ್ನ ಮಾತ್ರ ಹೊಸದು ಮಾಡಿದ್ರೆ ಇನ್ನೊಂದಕ್ಕೆ ಸರಿಹೋಗಲ್ಲ. ಎರಡನ್ನೂ ಬಿಚ್ಕೊಂಡು ಬಾ."

ಅಷ್ಟರಲ್ಲಿ ಬಸ್ ನಿಲ್ದಾಣದ ಕಂಬದ ಮೇಲಿನ ಸ್ಪೀಕರು ಗರ್ ಅಂದಿತು. ತಮ್ಮ ಚಕ್ರ ಉಜ್ಜುತ್ತಿದ್ದ ಅರವನ್ನು ಲೋಹದ ಮೇಲೆಯೇ ನಿಲ್ಲಿಸಿ ತಲೆಯೆತ್ತಿದ. "ಪ್ರಯಾಣಿಕರ ಗಮನಕ್ಕೆ..." ಎಂದು ಒಂದು ಹೆಣ್ಣು ದನಿ, ತಿಳಿಯಾಗಿ, ಅವಸರವಿಲ್ಲದೆ, ಬೆಳಗಿನ ಮೊದಲ ಬಸ್ಸನ್ನು ಕರೆಯಿತು. ತಮ್ಮ ಗೋಡೆಯ ಗಡಿಯಾರ ನೋಡಿದ. ಮತ್ತೆ ಅರ ಆಡಿಸಿದ. ಬೇಕರಿಯವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಆ ದನಿ ಯಾರದು ಎಂದು ಬೀದಿಗೆಲ್ಲ ಗೊತ್ತು. ತಮ್ಮನ ಮಗಳದ್ದು.

ನಿಲ್ದಾಣದಲ್ಲಿ ಅವಳನ್ನು ಮೈಕಮ್ಮ ಅನ್ನುತ್ತಾರೆ. ಮನೆಯಲ್ಲಿ ಪುಟ್ಟಿ. ಅವಳಿಗೆ ಹಾಲು ಬಿಡಿಸುವ ಮುಂಚೆಯೇ ಅವಳ ತಾಯಿ ತೀರಿಹೋದಳು. ಆಗ ನಾಲ್ಕು ದಿನ ಇದ್ದು ಹೋಗೋಣ ಎಂದು ಬಂದ ನಾನು ಇಲ್ಲೇ ಉಳಿದುಬಿಟ್ಟೆ. ಶೆಡ್ಡಿನಲ್ಲೇ ಬೆಳೆದ ಹುಡುಗಿ. ಸೀಮೆಎಣ್ಣೆಯ ತಟ್ಟೆಯಲ್ಲಿ ಚಕ್ರಗಳನ್ನು ತೊಳೆಯುವುದೇ ಅವಳಿಗೆ ಆಟ. ಹರೆಯಕ್ಕೆ ಬರುವ ಹೊತ್ತಿಗೆ ಅವಳ ಕಾಲು ಸೋಲತೊಡಗಿತು. ಮೊದಲು ಮೆಟ್ಟಿಲು ಹತ್ತಲಾಗಲಿಲ್ಲ, ಆಮೇಲೆ ನಿಲ್ಲಲಾಗಲಿಲ್ಲ. ಮೈಯ ಮಾಂಸವೇ ಬಲ ಕಳೆದುಕೊಳ್ಳುತ್ತಾ ಹೋಗುವ ಕಾಯಿಲೆ ಎಂದರು ಡಾಕ್ಟರು. ನಿಧಾನವಾಗಿ ಮೇಲಕ್ಕೆ, ಕೈಗೆ, ಆಮೇಲೆ ಉಸಿರಿಗೆ ಬರುತ್ತದೆ, ಹಿಂದಕ್ಕೆ ಹೋಗುವುದಿಲ್ಲ, ಕೈಯನ್ನು ದಣಿಸದೆ ಆಡಿಸುತ್ತಾ ಇರಲಿ ಎಂದರು. ಅದಕ್ಕಿಂತ ಹೆಚ್ಚಿಗೆ ಹೇಳಲು ಅವರ ಹತ್ತಿರವೂ ಏನೂ ಇರಲಿಲ್ಲ.

ಆಗ ತಮ್ಮ ಅವಳಿಗೆ ಮೂರು ಗಾಲಿಯ ಗಾಡಿ ಕಟ್ಟಿದ. ಕಾಲಿನ ಪೆಡಲಿನ ಬದಲು ಎದೆಯ ಎತ್ತರಕ್ಕೆ ಎರಡು ಹಿಡಿ, ಕೈಯಲ್ಲೇ ತಿರುಗಿಸಬೇಕು. ಹಿಡಿಗಳ ನಡುವೆ ಒಂದು ಸ್ಪ್ರಾಕೆಟ್, ಮುಂದಿನ ಗಾಲಿಯಲ್ಲಿ ಇನ್ನೊಂದು, ನಡುವೆ ಚೈನು. ಸೆರಗು ಸಿಕ್ಕದಿರಲಿ ಎಂದು ಚೈನಿಗೆಲ್ಲ ತಗಡಿನ ಮುಚ್ಚಳ. ಗಾಲಿಯ ಚಕ್ರಕ್ಕೆ ಫ್ರೀವೀಲ್ ಹಾಕಿದ್ದರಿಂದ ಅವಳು ಕೈ ನಿಲ್ಲಿಸಿದರೂ ಗಾಡಿ ಟಿಕ್ ಟಿಕ್ ಎನ್ನುತ್ತಾ ಮುಂದಕ್ಕೆ ಹೋಗುತ್ತಿತ್ತು. ಹಿಡಿಯ ಚಕ್ರದ ಭಾರ ಇಳಿಸಲು ತೂತು ಕೊರೆಯಬೇಕಿತ್ತು. ಪುಟ್ಟಿ ಸೀಮೆಸುಣ್ಣದಲ್ಲಿ ಅದರ ಮೇಲೆ ಐದು ಎಸಳಿನ ಹೂವು ಬರೆದಳು. ತಮ್ಮ ಆ ಗೆರೆ ಹಿಡಿದೇ ಕೊರೆದ. ಮುಚ್ಚಳ ಹಾಕಿದ ಮೇಲೆ ಹೂವು ಯಾರಿಗೂ ಕಾಣದು. ಇದೆ ಎಂದು ನಮಗೆ ಮೂವರಿಗೆ ಗೊತ್ತು.

ಆ ಗಾಡಿಯಲ್ಲೇ ಅವಳು ಕೆಲಸಕ್ಕೆ ಹೋಗುವುದು, ಬರುವುದು. ಅವಳದ್ದು ಒಂದೇ ಹಟ: ಯಾರೂ ಬೆನ್ನಿಗೆ ಕೈ ಹಾಕಬಾರದು. ದಾರಿಯಲ್ಲಿ ಪುಣ್ಯ ಕಟ್ಟಿಕೊಳ್ಳಲು ತಳ್ಳುವವರು ಬಹಳ. "ಅಣ್ಣಾ, ನಾನೇನು ಮೂಟೆನಾ? ಕೈ ತೆಗೀರಿ" ಎಂದು ನಗುತ್ತಲೇ ಹೇಳುವಳು, ಆದರೆ ಆ ನಗುವಿನಲ್ಲಿ ಅರದ ಹಾಗೆ ಮೊನೆ ಇರುತ್ತಿತ್ತು. ಮೋಟಾರು ಹಾಕಿಕೊಡುತ್ತೇನೆ ಎಂದು ತಮ್ಮ ಎಷ್ಟು ಸಲ ಗೋಗರೆದನೋ. "ಮೋಟಾರು ಹಾಕಿದ ದಿನ ನಾನು ಸಾಮಾನು ಆಗೋಗ್ತೀನಿ ಅಪ್ಪಾ. ಕೈ ಇರೋ ತನಕ ಕೈಯಲ್ಲೇ ಹೋಗ್ತೀನಿ." ಕಾಲು ಹೋದಾಗ ಅವಳು ಅಳಲಿಲ್ಲ. ಒಬ್ಬಳೇ ಹೋಗಿ ಒಬ್ಬಳೇ ಬರುವುದು, ಅವಳ ಲೆಕ್ಕದಲ್ಲಿ ಅದಿಷ್ಟು ಉಳಿದರೆ ಏನೂ ಹೋಗಿರಲಿಲ್ಲ.

ಒಂದು ದಿನ ಶೆಡ್ಡಿನಲ್ಲಿ ಕಸ ಗುಡಿಸುವಾಗ, ಅಚ್ಚುಗಳನ್ನು ನೇತುಹಾಕುವ ಮೊಳೆಯ ಹಿಂದೆ ನನಗೆ ಹೂವಿನ ಚಕ್ರ ಕಂಡಿತು. ಅದು ಇಲ್ಲಿದ್ದರೆ ಗಾಡಿಯಲ್ಲಿ ಇರುವುದು ಏನು?

"ಏನೋ ಇದು?" ಎಂದೆ.

ತಮ್ಮ ಕಬ್ಬಿಣ ಕಡೆಯುವ ಲೇತನ್ನು ನಿಲ್ಲಿಸಿದ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಮುಖ. "ಮೆತ್ತಗೆ ಮಾತಾಡಕ್ಕಾ. ರಜಾ ದಿನ ಎಣ್ಣೆ ಹಾಕ್ತೀನಿ ಅಂತ ಗಾಡಿ ತಂದಿದ್ನಲ್ಲ, ಆಗ ಬದಲಾಯಿಸ್ದೆ. ಎರಡು ಹಲ್ಲು ಕಮ್ಮಿ. ರೈಲ್ವೆ ಗೇಟಿನ ಹತ್ರ ಏರು ಹತ್ತೋವಾಗ ಅವಳ ಭುಜ ನಡುಗ್ತಿತ್ತು, ನಾನೇ ನೋಡ್ದೆ. ಹಿಡಿ ಕಡೆ ಹಲ್ಲು ಕಮ್ಮಿ ಆದ್ರೆ ಕೈಗೆ ಹಗುರ. ಕೈ ಸೋತಿದೆ ಅನ್ನೋದೇ ಅವಳಿಗೆ ಗೊತ್ತಾಗಲ್ಲ."

"ಹಗುರ ಆದ್ರೆ ನಿಧಾನ ಆಗಲ್ವಾ?"

"ಆಗ್ತದೆ. ಚೈನು ಯಾರಿಗೂ ಪುಕ್ಕಟೆ ಕೊಡಲ್ಲ. ಬಲ ಕೊಟ್ರೆ ವೇಗ ಕಿತ್ಕೊಳ್ತದೆ. ಕೈ ಒಂದು ಸುತ್ತು ಬಂದ್ರೆ ಗಾಲಿ ಮುಂಚಿನಷ್ಟು ದೂರ ಹೋಗಲ್ಲ. ಎರಡೇ ಹಲ್ಲು ತಾನೆ. ಸ್ವಲ್ಪ ತಡ ಆಗ್ತದೆ, ರಸ್ತೇಲಿ ಜನ ಜಾಸ್ತಿ ಇದ್ರು ಅಂದ್ಕೊಳ್ತಾಳೆ. ನೀನು ಬಾಯಿ ಬಿಡಬೇಡ ಅಷ್ಟೆ."

ನಾನು ಬಾಯಿ ಬಿಡಲಿಲ್ಲ. ಹೂವಿನ ಚಕ್ರವನ್ನು ಅದೇ ಮೊಳೆಗೆ ತಿರುಗಿ ಹಾಕಿದೆ.

ಇನ್ನೊಂದು ಕಡೆ ಏನಾಯಿತು ಎಂದು ತಮ್ಮನಿಗೆ ಗೊತ್ತಾಗುವ ಹಾಗಿರಲಿಲ್ಲ. ಬೆಳಕು ಹರಿಯುವ ಮುಂಚೆ ಕರೆಂಟು ಸರಿಯಾಗಿ ಬರುತ್ತದೆ ಎಂದು ಅವನು ಆಗಲೇ ಶೆಡ್ಡಿಗೆ ಹೋಗುವವನು. ಹೋಗುವುದು ಓಣಿಯ ಮೆಟ್ಟಿಲು ಇಳಿದು, ಅಡ್ಡದಾರಿಯಲ್ಲಿ. ಗಾಡಿಗೆ ಮೆಟ್ಟಿಲು ಆಗದು, ಪುಟ್ಟಿ ಸುತ್ತಿ ದೊಡ್ಡ ರಸ್ತೆಯಲ್ಲೇ ಹೋಗಬೇಕು. ಅವಳು ಹೊರಡುತ್ತಿದ್ದದ್ದು ಬಿಸಿಲು ಹಿತ್ತಲಿನ ಗೋಡೆ ಮುಟ್ಟಿದ ಮೇಲೆ. ಚಕ್ರ ಬದಲಾದ ವಾರದಲ್ಲೇ ಅವಳು ನನ್ನನ್ನು ಬೇಗ ಎಬ್ಬಿಸಿದಳು.

"ಅತ್ತೆ, ಜಡೆ ಹಾಕು. ಬೇಗ ಹೊರಡ್ಬೇಕು."

"ಇಷ್ಟು ಬೇಗ ಯಾರು ಬಸ್ಸು ಹತ್ತೋಕೆ ಬಂದಿರ್ತಾರೆ? ಕಾಗೆಗಳಾ?"

ಅವಳು ನಗಲಿಲ್ಲ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ, "ಅಪ್ಪ ಚಕ್ರ ಬದಲಾಯಿಸಿದಾನೆ" ಎಂದಳು.

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು.

"ನಿನಗೂ ಗೊತ್ತು. ಸುಮ್ನಿರು, ಸುಳ್ಳು ಹೇಳೋಕೆ ಹೋಗ್ಬೇಡ, ನಿನಗೆ ಬರಲ್ಲ. ತಡವಾಗಿ ಹೋದ್ರೆ ಸ್ಪೀಕರು ತಡವಾಗಿ ಕೂಗ್ತದೆ. ಅಪ್ಪ ಅಲ್ಲಿ ಅರ ನಿಲ್ಲಿಸಿ ಕಾಯ್ತಾ ಇರ್ತಾನೆ. ಅದಕ್ಕೇ ಬೇಗ. ಅಪ್ಪ ಮೆಟ್ಟಿಲು ಇಳಿದ ಮೇಲೆ ಹೊರಟ್ರೆ ಅವನಿಗೆ ಗೊತ್ತಾಗಲ್ಲ. ನೀನು ಬಾಯಿ ಬಿಡಬೇಡ ಅಷ್ಟೆ."

ಅಪ್ಪನ ಮಾತು, ಅದೇ ಮಾತು, ಮಗಳ ಬಾಯಲ್ಲಿ. ನಾನು ಜಡೆ ಹೆಣೆದೆ. ಎರಡು ಚಕ್ರದ ನಡುವಿನ ಚೈನಿಗೆ ಎರಡು ಕಡೆಯ ಎಳೆತವೂ ಗೊತ್ತಿರುತ್ತದೆ, ಮಾತಾಡುವುದು ಮಾತ್ರ ಅದರ ಕೆಲಸವಲ್ಲ. ಒಬ್ಬರ ಸುಳ್ಳನ್ನು ಒಡೆದರೆ ಇನ್ನೊಬ್ಬರದ್ದೂ ಒಡೆಯುತ್ತದೆ. ಎರಡೂ ಪ್ರೀತಿಯ ಸುಳ್ಳೇ, ಆದಷ್ಟು ದಿನ ಓಡಲಿ ಎಂದುಕೊಂಡೆ.

ಓಡಿತು. ಕೆಲವು ತಿಂಗಳಿಗೊಮ್ಮೆ ತಮ್ಮ ಎಣ್ಣೆ ಹಾಕುವ ನೆಪದಲ್ಲಿ ಇನ್ನೂ ಎರಡು ಹಲ್ಲು ಕಡಿಮೆ ಮಾಡುವನು. ಒಮ್ಮೆ ಗಾಲಿಯ ಕಡೆ ದೊಡ್ಡದು ಹಾಕಿದ, ಅದರಿಂದಲೂ ಫಲ ಅದೇ. ಪ್ರತಿ ಸಲವೂ ಪುಟ್ಟಿ ನನ್ನನ್ನು ಇನ್ನಷ್ಟು ಬೇಗ ಎಬ್ಬಿಸುವಳು. ಸ್ಪೀಕರಿನಲ್ಲಿ ದನಿ ಮಾತ್ರ ಅದೇ ಹೊತ್ತಿಗೆ, ಒಂದಿಷ್ಟೂ ಆಚೀಚೆ ಇಲ್ಲ.

ಇಲ್ಲೇ ತಮ್ಮ ಎಡವಿದ್ದು. ಬೇರೆ ಯಾವ ತಂದೆಯಾದರೂ ಹೀಗೆ ಎಡವುತ್ತಿರಲಿಲ್ಲ, ಅವನ ಲೆಕ್ಕವೇ ಅವನನ್ನು ಕೆಡವಿತು. ಹಲ್ಲು ಕಡಿಮೆಯಾದ ಮೇಲೆ ಅವಳು ತಡವಾಗಲೇಬೇಕು. ತಡವಾಗಲಿಲ್ಲ ಎಂದರೆ ಕೈ ಮುಂಚಿಗಿಂತ ಜೋರಾಗಿ ತಿರುಗುತ್ತಿದೆ ಎಂದು ಅರ್ಥ. ಜೋರಾಗಿ ತಿರುಗುತ್ತಿದ್ದರೆ ಕೈಗೆ ಬಲ ಬಂದಿದೆ. ಡಾಕ್ಟರು ಬರುವುದಿಲ್ಲ ಎಂದದ್ದು ಬಂದಿದೆ. ಹೀಗೆ ಒಂದೊಂದೇ ಹಲ್ಲಿಗೆ ಸಿಕ್ಕಿಸಿಕೊಂಡು ಅವನು ಆಸೆಯನ್ನು ಎಳೆದುಕೊಂಡು ಬಂದ. ಮಗಳನ್ನು ನಂಬಿಸಲು ಹೋದವನು ತಾನೇ ನಂಬಿಬಿಟ್ಟ. ಸಂಜೆ ಮನೆಗೆ ಬಂದವನೇ "ಇವತ್ತೂ ಕರೆಕ್ಟಾಗಿ ಬಂತು ನಿನ್ನ ದನಿ" ಎನ್ನುವಾಗ ಅವನ ಬೊಚ್ಚುಬಾಯಿ ಹೂವಿನ ಹಾಗೆ ಅರಳುತ್ತಿತ್ತು. ಪುಟ್ಟಿ "ಮತ್ತೆ? ಮೈಕಮ್ಮ ಅಂದ್ರೆ ಸುಮ್ನೇನಾ" ಎನ್ನುವಳು. ಹಾಗೆನ್ನುವಾಗ ಎರಡೂ ಕೈಯನ್ನು ಮಡಿಲಿನಲ್ಲಿ ಸೆರಗಿನಡಿ ಇಟ್ಟುಕೊಂಡಿರುತ್ತಿದ್ದಳು. ಊಟಕ್ಕೆ ತಟ್ಟೆಯನ್ನು ಮೇಜಿನ ಅಂಚಿಗೆ ಎಳೆದುಕೊಂಡು ಬಾಯನ್ನೇ ತಟ್ಟೆಯ ಹತ್ತಿರ ತರುತ್ತಿದ್ದಳು. ಇಷ್ಟು ಕಣ್ಣೆದುರಿಗೆ ಇದ್ದರೂ ತಮ್ಮ ನೋಡಲಿಲ್ಲ. ಅವನು ಗಡಿಯಾರವನ್ನು ನಂಬಿದ್ದ.

ಬೇಕರಿಯವನು ಮತ್ತೊಂದು ಸವೆದ ಚಕ್ರ ಹಿಡಿದು ಬಂದ ದಿನ ಆ ನಂಬಿಕೆ ಮುರಿಯಿತು. ತಮ್ಮ ಖುಷಿಯಲ್ಲಿದ್ದ, ಕೇಳದಿದ್ದರೂ ಹೇಳತೊಡಗಿದ.

"ನನ್ನ ಮಗಳ ಕೈ ಗಟ್ಟಿ ಆಗಿದೆ ಗೊತ್ತಾ? ಡಾಕ್ಟರಿಗೇನು ಗೊತ್ತಾಗ್ತದೆ. ದಿನಾ ಅದೇ ಟೈಮಿಗೆ..."

"ಗಟ್ಟಿ ಆಗಿದ್ಯಾ?" ಬೇಕರಿಯವನಿಗೆ ಅರ್ಥವಾಗಲಿಲ್ಲ. "ಏನ್ ಮೇಸ್ತ್ರಿ ಹೀಗಂತೀಯ. ಪಾಪ, ಬೀದಿದೀಪ ಆರೋ ಮುಂಚೆ ನನ್ನ ಅಂಗಡಿ ಮುಂದೆ ಬರ್ತಾಳೆ. ಮುಂಚೆ ಗಾಳಿ ಹಂಗೆ ಹೋಗೋಳು. ಈಗ ಒಂದು ಒಲೆ ಬ್ರೆಡ್ಡು ಒಳಗೆ ಹೋಗಿ ಹೊರಗೆ ಬಂದ್ರೂ ಇನ್ನೂ ನನ್ನ ಅಂಗಡಿ ಮುಂದೇನೇ ಇರ್ತಾಳೆ. ಕೈ ತಿರುಗ್ತಾನೇ ಇರ್ತದೆ, ಗಾಡಿ ಮಾತ್ರ ಇರುವೆ ಹೋದಂಗೆ ಹೋಗ್ತದೆ. ಮೊನ್ನೆ ಬಿಸಿ ಬ್ರೆಡ್ಡು ಕೊಡೋಕೆ ಹೋದೆ, 'ನಿಲ್ಲಿಸಿದ್ರೆ ಮತ್ತೆ ಶುರು ಮಾಡೋದು ಕಷ್ಟ ಅಣ್ಣಾ' ಅಂದ್ಲು..." ಅಷ್ಟು ಹೇಳಿ ನನ್ನ ಮುಖ ನೋಡಿದ. ತಾನು ಏನೋ ಒಡೆದೆ ಎಂದು ಅವನಿಗೆ ತಿಳಿಯಿತು. ಚಕ್ರವನ್ನು ಮೇಜಿನ ಮೇಲಿಟ್ಟು ಸದ್ದಿಲ್ಲದೆ ಹೋದ. ಅವನು ಬೈಯದೆ ಹೋದದ್ದು ಅದೊಂದೇ ದಿನ.

ತಮ್ಮ ಲೇತಿನಿಂದ ಕೈ ತೆಗೆದ. ಮೋಟಾರು ಸುಮ್ಮನೆ ತಿರುಗುತ್ತಿತ್ತು. ನಾನೇ ಹೋಗಿ ಗುಂಡಿ ಒತ್ತಿ ನಿಲ್ಲಿಸಿದೆ.

"ನಿನಗೆ ಗೊತ್ತಿತ್ತಾ ಅಕ್ಕಾ?"

"ಗೊತ್ತಿತ್ತು."

"ನನಗೆ ಹೇಳ್ಲಿಲ್ಲ."

"ನಿನ್ನದನ್ನೂ ಅವಳಿಗೆ ಹೇಳ್ಲಿಲ್ಲ. ಅವಳೇ ಕಂಡ್ಕೊಂಡ್ಲು."

"ನಾನೇ ಕಡೆದ ಚಕ್ರ ಅಕ್ಕಾ." ಅವನು ತನ್ನ ಎರಡೂ ಅಂಗೈಯನ್ನು ನೋಡಿಕೊಂಡ. "ನಾನೇ ಹಲ್ಲು ಕಮ್ಮಿ ಮಾಡಿದ್ದು. ಎಷ್ಟು ಕಮ್ಮಿ ಆಗಿದೆ ಅಂತ ನನಗೆ ಗೊತ್ತಿತ್ತಲ್ಲ. ಆದ್ರೂ..."

ಸಂಜೆ ಮನೆಗೆ ಬಂದವನು ಕೈ ತೊಳೆಯಲಿಲ್ಲ. ಮಗಳ ಮುಂದೆ ನೆಲದ ಮೇಲೆ ಕೂತ.

"ಬೆಳಿಗ್ಗೆ ಎಷ್ಟೊತ್ತಿಗೆ ಹೊರಡ್ತೀಯಾ ಪುಟ್ಟೀ?"

ಅವಳು ನನ್ನ ಕಡೆ ನೋಡಿದಳು. ನಾನಲ್ಲ ಎಂದು ತಲೆಯಾಡಿಸಿದೆ.

"ನೀನು ಮೆಟ್ಟಿಲು ಇಳಿದ ಮೇಲೆ" ಎಂದಳು.

"ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ. ಗೇಟಿಂದ ನೀರಿನ ಟ್ಯಾಂಕಿನ ತನಕ ಎಷ್ಟು ಸುತ್ತು ಅಂತ ನನ್ನ ಭುಜಕ್ಕೆ ಬಾಯಿಪಾಠ. ಅವತ್ತು ಸುತ್ತು ಮುಗೀತು, ಟ್ಯಾಂಕು ಬರ್ಲಿಲ್ಲ. ಹೊಸ ಹಲ್ಲಿನ ಮೇಲೆ ಹಳೇ ಚೈನು ಕೂರೋ ಸದ್ದು ಬೇರೆ. ನಾನು ಹಲ್ಲು ಮೇಸ್ತ್ರಿ ಮಗಳು ಅನ್ನೋದು ಮರೆತೋಯ್ತಾ ನಿನಗೆ?"

"ಕೇಳ್ಬಾರ್ದಿತ್ತಾ ನನ್ನ?"

"ನೀನು ಅಷ್ಟು ಕಷ್ಟಪಟ್ಟು ಕಡೆದಿದ್ದೆ. ಕೆಡಿಸೋದು ಯಾಕೆ ಅಂತ. ಆಮೇಲೆ ಸಂಜೆ ಬಂದು ಹಂಗೆ ನಗ್ತಿದ್ದೆ ನೋಡು, ಅದನ್ನ ನೋಡೋಕೆ ಅರ್ಧ ರಾತ್ರಿಗೆ ಬೇಕಾದ್ರೂ ಎದ್ದು ಹೊರಡ್ತಿದ್ದೆ."

ತಮ್ಮನಿಗೆ ಸಿಟ್ಟು ಬಂತು. "ನನ್ನನ್ನ ಹುಚ್ಚ ಮಾಡಿದ್ರಿ ಇಬ್ರೂ ಸೇರ್ಕೊಂಡು!"

"ಯಾರು ಯಾರನ್ನ ಅಪ್ಪಾ? ಎಣ್ಣೆ ಹಾಕ್ತೀನಿ ಅಂತ ಗಾಡಿ ತಗೊಂಡು ಹೋಗ್ತಿದ್ದೋರು ಯಾರು?"

ತಮ್ಮ ನಗು ಬಂದ ಹಾಗೆ ಬಾಯಿ ತೆರೆದ, ಅದು ನಗುವಾಗಲಿಲ್ಲ. ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡ. ಪುಟ್ಟಿ ಅವನ ತಲೆ ಮುಟ್ಟಲು ಕೈ ಎತ್ತಿದಳು. ಕೈ ಅವಳ ಎದೆಯ ಮಟ್ಟಕ್ಕೆ ಬಂದು ನಿಂತಿತು, ಅದಕ್ಕಿಂತ ಮೇಲೆ ಏರಲಿಲ್ಲ. ತಮ್ಮ ಅದನ್ನು ನೋಡಿದ. ಮೊದಲ ಸಲ ನೋಡಿದ. ತಾನೇ ತಲೆಯನ್ನು ತಗ್ಗಿಸಿ ಆ ಕೈಯ ಕೆಳಗೆ ತಂದಿಟ್ಟ.

ಕೈಯನ್ನು ಹಾಗೇ ಇಟ್ಟುಕೊಂಡು ಅವಳು ಕೇಳಿದಳು: "ಇನ್ನೂ ಎಷ್ಟು ಚಕ್ರ ಇದೆ?"

"ಒಂದೇ. ಅದಕ್ಕಿಂತ ಹಲ್ಲು ಕಮ್ಮಿ ಆದ್ರೆ ಚೈನು ಸುತ್ತಲೂ ಬಾಗೋಕೆ ಆಗಲ್ಲ, ಮೂಲೆ ಮೂಲೇಲಿ ಮುರಿದಂಗೆ ಹೋಗ್ತದೆ. ಕೈಯನ್ನ ಕುಕ್ತದೆ."

"ಗಾಲಿ ಕಡೆ ಇನ್ನೂ ದೊಡ್ಡದು?"

"ಕಾಲಿಡೋ ಹಲಗೆಗೆ ಈಗಲೇ ತಾಗ್ತಿದೆ."

"ಸರಿ. ಹಾಗಾದ್ರೆ ಆ ಒಂದನ್ನ ನನ್ನ ಎದುರಿಗೇ ಹಾಕು."

ರಜಾ ದಿನ ಅಂಗಳದಲ್ಲಿ ಹಾಕಿದರು. ತಗಡಿನ ಮುಚ್ಚಳ ಬಿಚ್ಚಿದಾಗ ಪುಟ್ಟಿ ಬಗ್ಗಿ ಒಳಗೆ ನೋಡಿದಳು. "ಅಯ್ಯೋ, ಇಷ್ಟು ಚಿಕ್ಕದಾ? ಬಿಸ್ಕತ್ತಿನ ಹಂಗಿದೆ" ಎಂದಳು. ತಮ್ಮ ಕೊನೆಯ ಚಕ್ರವನ್ನು ಕೂರಿಸಿ, ಚೈನಿನ ಒಂದು ಕೊಂಡಿ ತೆಗೆದು, ಎರಡು ತುದಿಗಳನ್ನು ಒಂದು ಕಡೆ ತಂದು ಹಿಡಿದ. ಅವನ್ನು ಕೂಡಿಸುವ ಲಾಕು ಉಗುರಿನಷ್ಟು ಚಿಕ್ಕದು, ಹೆಬ್ಬೆರಳಿನಲ್ಲಿ ಒತ್ತಿದರೆ ಚಟ್ಟೆಂದು ಕೂರುತ್ತದೆ. ಚಿಕ್ಕವಳಿದ್ದಾಗ ಶೆಡ್ಡಿನಲ್ಲಿ ಎಲ್ಲರ ಲಾಕೂ ಅವಳೇ ಒತ್ತುವಳು. "ನಾನು" ಎಂದಳು. ತಮ್ಮ ಕೊಟ್ಟ. ಹೆಬ್ಬೆರಳು ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ನಾನು ತಡೆಯಲಾರದೆ ಮುಂದೆ ಬಂದೆ. ತಮ್ಮ ಕಣ್ಣಲ್ಲೇ ನನ್ನನ್ನು ತಡೆದ. ಅವನು ಚೈನಿನ ಎರಡು ತುದಿಗಳನ್ನು ಹಿಡಿದುಕೊಂಡು, ಎಷ್ಟು ಹೊತ್ತು ಬೇಕಾದರೂ ಕೂರುವವನ ಹಾಗೆ ಕೂತಿದ್ದ. ಕೊನೆಗೆ ಅವಳೇ ಲಾಕನ್ನು ಅವನ ಅಂಗೈಗೆ ಬಿಟ್ಟಳು.

"ನೀನೇ ಹಾಕಪ್ಪಾ. ಲಾಕಿನ ತೆರೆದ ಬಾಯಿ ಹಿಂದಕ್ಕೆ ಇರ್ಲಿ, ಇಲ್ದಿದ್ರೆ ಓಡೋವಾಗ ಬಿಚ್ಕೊಳ್ತದೆ."

"ಹೂಂ. ಬಾಯಿ ಹಿಂದಕ್ಕೆ" ಎಂದ ತಮ್ಮ, ಅದನ್ನು ಆಗಷ್ಟೇ ಕಲಿತವನ ಹಾಗೆ.

ಮರುದಿನದಿಂದ ಅವನು ಶೆಡ್ಡಿಗೆ ಬೇಗ ಹೋಗುವುದನ್ನು ಬಿಟ್ಟ. ಮಗಳ ಗಾಡಿಯ ಹಿಂದೆ ನಡೆಯತೊಡಗಿದ, ಎರಡೂ ಕೈಯನ್ನು ತನ್ನ ಬೆನ್ನ ಹಿಂದೆ ಕಟ್ಟಿಕೊಂಡು. ಅದು ಅವಳು ಹಾಕಿದ ಷರತ್ತು. ಶೆಡ್ಡಿನ ಬೀಗ ತೆಗೆಯುವುದು ನನ್ನ ಪಾಲಿಗೆ ಬಂತು. ಈಗ ದನಿಗಾಗಿ ಕಾಯುವವಳೂ ನಾನೇ.

ಆ ಚಕ್ರ ಬೇಸಿಗೆಯಿಡೀ ಬಂತು. ಮೊದಲ ಮಳೆ ಬಿದ್ದು ರಸ್ತೆ ಒದ್ದೆಯಾಗಿದ್ದ ಒಂದು ಬೆಳಿಗ್ಗೆ, ಸ್ಪೀಕರು ಕೂಗುವ ಹೊತ್ತಾದರೂ ಕೂಗಲಿಲ್ಲ. ನಾನು ಬಾಗಿಲಿಗೆ ಬಂದು ನಿಂತೆ. ಬಸ್ಸೊಂದು ಯಾರೂ ಕರೆಯದೆಯೇ ಹೊರಟುಹೋದ ಸದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ "ಪ್ರಯಾಣಿಕರ ಗಮನಕ್ಕೆ" ಬಂತು. ದನಿ ಎಂದಿನ ಹಾಗೇ ತಿಳಿಯಾಗಿತ್ತು. ತಮ್ಮ ಬಂದು ಮೇಜಿನ ಮೇಲೆ ಕೂತ.

"ಏರಿನಲ್ಲಿ ನಿಂತುಬಿಡ್ತು ಅಕ್ಕಾ. ಜನ ಎಲ್ಲ ಅಕ್ಕಪಕ್ಕ ಹೋಗ್ತಾ ಇದ್ರು. ಹಿಡಿ ಅರ್ಧ ಸುತ್ತಲ್ಲಿ ನಿಂತಿತ್ತು. ಅವಳು ತಿರುಗಿ ನೋಡ್ಲಿಲ್ಲ. ನಾನೂ ಕೈ ಬಿಚ್ಚಲಿಲ್ಲ, ಮಾತು ಕೊಟ್ಟಿದ್ನಲ್ಲ. ಇಬ್ರೂ ಹಂಗೇ ನಿಂತಿದ್ವಿ. ಆಮೇಲೆ 'ಅಪ್ಪಾ' ಅಂದ್ಲು. 'ಹೂಂ' ಅಂದೆ. 'ಬೆನ್ನಿಗಲ್ಲ, ಗಾಡಿಗೆ ಕೈ ಹಾಕು' ಅಂದ್ಲು."

ಅಷ್ಟು ಹೇಳಿ ಅವನು ಅರ ಹುಡುಕಿದ. ಅರ ಅವನ ಪಕ್ಕದಲ್ಲೇ ಇತ್ತು.

ಒಂದು ವಾರ ಅವಳು ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೋದಳು. ತಮ್ಮ ತಳ್ಳಿದ. ಫ್ರೀವೀಲ್ ಟಿಕ್ ಟಿಕ್ ಎನ್ನುತ್ತಿತ್ತು, ಹಿಡಿಗಳು ಅವಳ ಮುಂದೆ ಸುಮ್ಮನೆ ನಿಂತಿರುತ್ತಿದ್ದವು. ಆಮೇಲೊಂದು ಮಧ್ಯಾಹ್ನ ಕೆಲಸ ಮುಗಿದ ಮೇಲೆ ಮನೆಗೆ ಹೋಗದೆ ಶೆಡ್ಡಿಗೆ ಕರೆದುಕೊಂಡು ಹೋಗು ಎಂದಳಂತೆ.

"ಫ್ರೀವೀಲ್ ತೆಗೆದುಬಿಡು ಅಪ್ಪಾ. ಗಾಲಿಗೆ ಬಿಗಿ ಚಕ್ರ ಹಾಕು."

ತಮ್ಮನಿಗೆ ತಕ್ಷಣ ತಿಳಿಯಿತು, ನನಗೆ ಬಿಡಿಸಿ ಹೇಳಬೇಕಾಯಿತು. ಚಕ್ರ ಗಾಲಿಗೆ ಬಿಗಿಯಾಗಿದ್ದರೆ ಗಾಲಿ ತಿರುಗಿದಾಗ ಚೈನೂ ತಿರುಗುತ್ತದೆ, ಹಿಡಿಯೂ ತಿರುಗುತ್ತದೆ. ಎಳೆಯುವುದು ಯಾವ ತುದಿ, ಎಳೆಸಿಕೊಳ್ಳುವುದು ಯಾವ ತುದಿ ಎಂದು ಚೈನು ಕೇಳುವುದಿಲ್ಲ. ಹಿಂದಿನಿಂದ ತಮ್ಮ ತಳ್ಳಿದರೆ ಮುಂದೆ ಅವಳ ಕೈ ತಾನಾಗಿ ಸುತ್ತುತ್ತದೆ.

"ಅತ್ತೆ ಹಿಡಿಗೆ ಎರಡು ಬಟ್ಟೆ ಪಟ್ಟಿ ಹೊಲಿದು ಕೊಡ್ಲಿ, ಕೈ ಜಾರದ ಹಾಗೆ. ಡಾಕ್ಟರೂ ಆಡಿಸ್ತಾ ಇರಿ ಅಂದಿದಾರೆ. ನೋಡೋರಿಗೆ ನಾನೇ ಓಡಿಸಿದಂಗೆ ಕಾಣ್ತದೆ." ಅವಳು ನಗುತ್ತಿದ್ದಳು. "ಊರಿಗೆಲ್ಲ ಮೋಸ ಮಾಡೋಣ. ಮನೇಲಿ ಮಾತ್ರ ಬೇಡ."

ತಮ್ಮ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಲೆಕ್ಕ ಹಾಕಿದ. "ಈ ಬಿಸ್ಕತ್ತು ಚಕ್ರ ಇಟ್ಕೊಂಡು ತಳ್ಳಿದ್ರೆ ನಿನ್ನ ಕೈ ಗಿರಗಿಟ್ಲೆ ಆಗೋಗ್ತದೆ. ಗಾಲಿ ಒಂದು ಸುತ್ತು ಬಂದ್ರೆ ಕೈ ಎಷ್ಟೋ ಸುತ್ತು. ನಿಧಾನವಾಗಿ ತಿರುಗಬೇಕು ಅಂದ್ರೆ ಹಿಡಿಗೆ ದೊಡ್ಡ ಚಕ್ರ ಬೇಕು." ಮಾತು ಮುಗಿಯುವ ಮುಂಚೆಯೇ ನಾವು ಮೂವರೂ ಗೋಡೆಯ ಮೊಳೆಯ ಕಡೆ ನೋಡಿದ್ದೆವು.

ಅಚ್ಚುಗಳ ಹಿಂದಿನಿಂದ ಅವನು ಹೂವಿನ ಚಕ್ರ ಇಳಿಸಿದ. ಸೀಮೆಎಣ್ಣೆಯ ತಟ್ಟೆಯಲ್ಲಿ ತೊಳೆದ. ಐದು ಎಸಳಿನ ಸಂದಿಯ ಧೂಳನ್ನು ಬೆರಳಿಗೆ ಬಟ್ಟೆ ಸುತ್ತಿಕೊಂಡು ಒರೆಸಿದ. ಅವಳಿಗೆ ಬಲವಿದ್ದ ದಿನಗಳಿಗೆ ಕಡೆದ ಚಕ್ರ, ಬಲ ಪೂರ್ತಿ ಹೋದ ಮೇಲೆ ಮತ್ತೆ ತನ್ನ ಜಾಗಕ್ಕೆ ಬಂದು ಕೂತಿತು. ಗಾಲಿಗೂ ಮೊದಲಿನ ಅಳತೆಯದೇ ಬಿಗಿ ಚಕ್ರ ಬಂತು. ಹಳೆಯ ಚೈನು ಇವಕ್ಕೆ ಹೊಂದುವುದಿಲ್ಲ ಎಂದು ಹೊಸ ಚೈನನ್ನೇ ಹಾಕಿದ. ಆ ಹೊತ್ತಿಗೆ ನನ್ನ ಹೊಲಿಗೆಯೂ ಮುಗಿದಿತ್ತು. ಅವಳ ಕೈಯನ್ನು ಎತ್ತಿ ಹಿಡಿಗೆ ಇಟ್ಟು ಪಟ್ಟಿ ಕಟ್ಟಿದೆ. ಕೈ ಎಷ್ಟು ಹಗುರವಾಗಿತ್ತೆಂದರೆ, ಒಗೆದು ಒಣಗಿಸಿದ ಬಟ್ಟೆ ಮಡಚಿದ ಹಾಗಿತ್ತು.

ಮರುದಿನ ಬೆಳಿಗ್ಗೆ ನಾನೂ ಅವರ ಜೊತೆ ನಡೆದೆ. ತಮ್ಮ ಹಿಂದಿನ ಕಂಬಿ ಹಿಡಿದು ತಳ್ಳುತ್ತಿದ್ದ. ಮುಂದೆ ಅವಳ ಕೈ ದೊಡ್ಡ ಸುತ್ತಿನಲ್ಲಿ, ನಿಧಾನವಾಗಿ, ಮೇಲೆ ಕೆಳಗೆ, ಮೇಲೆ ಕೆಳಗೆ. ಅವಳು ಮೊದಮೊದಲು ಈ ರಸ್ತೆಯಲ್ಲಿ ಹೋಗುತ್ತಿದ್ದ ಹಾಗೆಯೇ, ಅದೇ ಗತ್ತು. ನೀರಿನ ಟ್ಯಾಂಕಿನ ಹತ್ತಿರ ತರಕಾರಿ ಮಾರುವ ಮುದುಕಿ ಬುಟ್ಟಿ ಇಳಿಸಿ ಕೂಗಿದಳು:

"ಕೈ ವಾಸಿಯಾಯ್ತೇನಮ್ಮಾ? ಮೊದಲಿನ ಹಂಗೇ ತಿರುಗಿಸ್ತಾ ಇದೀಯಲ್ಲ! ದೇವರು ಕಣ್ಣು ಬಿಟ್ಟ!"

"ನಮ್ಮಪ್ಪ ಹಳೇ ಚಕ್ರ ಹಾಕ್ಕೊಟ್ಟ ಅಜ್ಜಿ" ಎಂದಳು ಪುಟ್ಟಿ.

ಸ್ವಲ್ಪ ಮುಂದೆ ಹೋದ ಮೇಲೆ, ತಿರುಗಿ ನೋಡದೆ, "ಟ್ಯಾಂಕಿಗೆ ಸರಿಯಾಗಿ ಸುತ್ತು ಮುಗೀತು ಅಪ್ಪಾ" ಎಂದಳು. ತಮ್ಮ ತಳ್ಳುತ್ತಲೇ ಇದ್ದ. ಅವನ ಮುಖ ಅವಳಿಗೆ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು.

ಈಗ ಮಗಳನ್ನು ನಿಲ್ದಾಣಕ್ಕೆ ಬಿಟ್ಟು ಬರುವವನು ಅವನೇ. ಮುಟ್ಟಿದಳೋ ಇಲ್ಲವೋ ಎಂದು ಕಾಯುವ ಅಗತ್ಯವಿಲ್ಲ. ಆದರೂ ಸ್ಪೀಕರು ಗರ್ ಅಂದೊಡನೆ ಅರ ನಿಲ್ಲಿಸಿ ತಲೆಯೆತ್ತುತ್ತಾನೆ. ಗಡಿಯಾರದ ಕಡೆ ನೋಡುವುದಿಲ್ಲ. ಒಂದು ಊರಿನ ಹೆಸರಿಗೂ ಇನ್ನೊಂದು ಊರಿನ ಹೆಸರಿಗೂ ನಡುವೆ ಅವಳು ಉಸಿರು ಎಳೆದುಕೊಳ್ಳುವ ಜಾಗವಿದೆ. ಅದು ಮುಂಚಿಗಿಂತ ಒಂದು ಕೂದಲೆಳೆಯಷ್ಟು ಉದ್ದವಾಗಿದೆ ಎಂದು ನನಗೆ ಅನುಮಾನ. ಅವನು ಅದನ್ನೇ ಕೇಳುತ್ತಿದ್ದಾನೆ. ಅಲ್ಲಿಗೆ ಹಾಕಲು ಅವನ ಡಬ್ಬಿಯಲ್ಲಿ ಚಕ್ರವಿಲ್ಲ. ಕೊನೆಯ ಊರಿನ ಹೆಸರು ಮುಗಿದು ಸ್ಪೀಕರು ಕಟ್ ಎನ್ನುವ ತನಕ ನಾವಿಬ್ಬರೂ ಅಲ್ಲಾಡುವುದಿಲ್ಲ. ಆಮೇಲೆ ಅವನು ಅರ ಎತ್ತಿಕೊಳ್ಳುತ್ತಾನೆ, ನಾನು ಬಾಗಿಲಿಗೆ ಬಂದವರನ್ನು ಏನು ಬೇಕೆಂದು ಕೇಳುತ್ತೇನೆ.